ನಾನೇ ಹಾಕಿದ ಅನೆಕ್ಷರ್ ನನ್ನ ಕೇಸಿಗೇ ಮುಳುವಾಯ್ತು

ಪರಿಸರದ ಕೇಸು ನಡೆಸೋ ವಕೀಲ ಅಂದ್ರೆ ಜನ ಏನೇನೋ ಅಂದ್ಕೋತಾರೆ. ನಾನು ತುಮಕೂರು ಕಡೆ ಒಂದು ತಾಲ್ಲೂಕು ಕೋರ್ಟಲ್ಲಿ ಪಾಲುಪಾರಿಕತ್ತು, ಇಂಜಂಕ್ಷನ್, ಚೆಕ್ ಬೌನ್ಸ್ ನೋಡ್ಕೊಂಡು ಇರೋನು. ಮನೆ ನಡೆಯೋದು ಇವತ್ತಿಗೂ ಅದ್ರಿಂದ್ಲೇ, ಪರಿಸರದ್ದು ವರ್ಷಕ್ಕೆ ಎರಡೋ ಮೂರೋ ಬರುತ್ತೆ, ಅದ್ರಲ್ಲಿ ಒಂದಕ್ಕೆ ಫೀಸೇ ಇರಲ್ಲ.

ಶುರುವಾಗಿದ್ದು 2019ರಲ್ಲಿ. ಒಂದು ಊರಿಂದ ಆರೇಳು ಜನ ಬಂದ್ರು, ಕೆರೆ ನೀರು ಕಪ್ಪಾಗಿದೆ, ಮೀನು ಸತ್ತು ತೇಲ್ತಾವೆ, ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕೋ ಘಟಕದ ನೀರು ಹಳ್ಳಕ್ಕೆ ಬಿಡ್ತಾರೆ ಅಂತ. ಒಬ್ಬ ಅಜ್ಜ ಬಾಟಲಿಲಿ ನೀರು ತುಂಬ್ಕೊಂಡೇ ಬಂದಿದ್ರು, "ಮೂಸಿ ನೋಡಿ ವಕೀಲ್ರೇ" ಅಂತ ನನ್ ಟೇಬಲ್ ಮೇಲಿಟ್ರು. ಮೂಸ್ದೆ. ಸಿಟ್ಟು ಬಂತು, ಆ ಸಿಟ್ಟಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ (ಎನ್‌ಜಿಟಿ) ಅರ್ಜಿ ರೆಡಿ ಮಾಡ್ದೆ, ಸಿವಿಲ್ ದಾವೆ ತರ ಇಪ್ಪತ್ತು ಪ್ಯಾರಾ, ಊರವರು ಕೊಟ್ಟ ಕಾಗದ ಎಲ್ಲಾ ಅನೆಕ್ಷರ್ ಮಾಡಿ, ಅಂದ್ರೆ ಅರ್ಜಿಗೆ ಲಗತ್ತಿಸಿ. ಪರಿಹಾರದ ಹಣ ಕೇಳ್ದೆ ಇದ್ರೆ ಕೋರ್ಟ್ ಫೀ ಬರೀ ಒಂದು ಸಾವಿರ, ಊರವರೇ ಚಂದಾ ಎತ್ತಿದ್ರು.

ಕರ್ನಾಟಕಕ್ಕೆ ಚೆನ್ನೈ ಪೀಠ. ಆಗಿನ್ನೂ ವಿಡಿಯೋ ಕಾನ್ಫರೆನ್ಸ್ ಕಾಲ ಅಲ್ಲ, ರಾತ್ರಿ ರೈಲು ಹತ್ತಿ ಬೆಳಗ್ಗೆ ಸ್ಟೇಷನ್ನಲ್ಲೇ ಮುಖ ತೊಳ್ಕೊಂಡು ಚೇಪಾಕ್‌ಗೆ ಹೋದೆ. ಅಲ್ಲಿ ಜಡ್ಜ್ ಪಕ್ಕದಲ್ಲಿ ಒಬ್ರು ತಜ್ಞ ಸದಸ್ಯರೂ ಕೂತಿರ್ತಾರೆ, ಇದು ನಂಗೆ ಓದಿ ಗೊತ್ತಿತ್ತು ಆದ್ರೆ ಅದರ ಬಿಸಿ ಗೊತ್ತಿರ್ಲಿಲ್ಲ. ಘಟಕಕ್ಕೆ ದಿನಕ್ಕೆ ಎಷ್ಟು ಕಿಲೋಲೀಟರ್‌ಗೆ ಕನ್ಸೆಂಟ್ (ಮಾಲಿನ್ಯ ನಿಯಂತ್ರಣ ಮಂಡಳಿ ಕೊಡೋ ಅನುಮತಿ) ಇದೆ, ಕೊಳಕು ನೀರು ಶುದ್ಧ ಮಾಡೋ ಇಟಿಪಿ ಕೆಪಾಸಿಟಿ ಎಷ್ಟು, ಸ್ಯಾಂಪಲ್ ಎಲ್ಲಿ ತೆಗೆದ್ರಿ ಅಂತ ಕೇಳಿದ್ರು. ನನ್ ಹತ್ರ ಒಂದಕ್ಕೂ ಉತ್ತರ ಇಲ್ಲ.

ಅದಕ್ಕಿಂತ ದೊಡ್ಡ ಏಟು ಎದುರಿನ ವಕೀಲ್ರಿಂದ ಬಿತ್ತು. ನಾನೇ ಹಾಕಿದ್ದ ಮೂರನೇ ಅನೆಕ್ಷರ್ ತೆಗೆದು ತೋರಿಸಿದ್ರು, ಊರವರು ತಹಸೀಲ್ದಾರ್‌ಗೆ ಕೊಟ್ಟಿದ್ದ ಅರ್ಜಿ, ಅದ್ರ ತಾರೀಕು ನಾವು ಕೇಸ್ ಹಾಕೋಕೆ 14 ತಿಂಗಳು ಮುಂಚಿಂದು. ಎನ್‌ಜಿಟಿ ಕಾಯ್ದೆ ಸೆಕ್ಷನ್ 14ರಲ್ಲಿ ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಬರಬೇಕು, ಸಕಾರಣ ಇದ್ರೆ ಇನ್ನೊಂದು 60 ದಿನ, ಅಷ್ಟೇ. ಆ "ಮೊದಲು" ಅನ್ನೋ ಪದ ಇದ್ಯಲ್ಲ, ಅದೇ ಕುತ್ತಿಗೆ ಹಿಡಿಯೋದು. ಮಾಲಿನ್ಯ ದಿನಾ ನಡೀತಿದೆ ಸ್ವಾಮಿ, ದಿನಾ ಹೊಸ ಕಾರಣ ಅಂತ ವಾದ ಮಾಡ್ದೆ, ಮಾಡ್ಬೇಕಲ್ಲ, ಆದ್ರೆ ಪೀಠದ ಮುಖ ನೋಡಿ ಗೊತ್ತಾಯ್ತು ಇದು ನಿಲ್ಲಲ್ಲ ಅಂತ. ಹೊಸದಾಗಿ ಹಾಕೋಕೆ ಅವಕಾಶ ಕೇಳಿ ವಾಪಸ್ ತಗೊಂಡೆ. ವಾಪಸ್ ಬರೋ ರೈಲಲ್ಲಿ ಊರವರಿಗೆ ಏನಂತ ಹೇಳ್ಲಿ ಅನ್ನೋದೇ ಯೋಚನೆ, ಆ ಅಜ್ಜ ಮಾತ್ರ "ಮುಂದಿನ ವಾಯ್ದೆ ಯಾವಾಗ" ಅಂದ್ರು ಅಷ್ಟೇ.

ಹಳೇ ಅರ್ಜಿ ಮುಚ್ಚಿಡ್ಬೇಕಿತ್ತು ಅಂತ ನಾನು ಹೇಳ್ತಿಲ್ಲ. ಮುಚ್ಚಿಟ್ರೂ ಎದುರಿನೋರು 10 ರೂಪಾಯಿ ಕಟ್ಟಿ ಆರ್‌ಟಿಐಲಿ ತಂದೇ ತರ್ತಾರೆ, ಆಮೇಲೆ ನಮ್ ಮರ್ಯಾದೆನೂ ಹೋಗುತ್ತೆ. ಆ ತಾರೀಕನ್ನ ನಾನೇ ಮೊದಲು ನೋಡಿ, ಅದಕ್ಕೆ ತಕ್ಕ ಸೆಕ್ಷನ್ ಆರಿಸ್ಬೇಕಿತ್ತು. ಸೆಕ್ಷನ್ 15ರಲ್ಲಿ ನೊಂದೋರಿಗೆ ಪರಿಹಾರ, ಹಾಳಾದ ಪರಿಸರ ಮೊದಲಿನ ಸ್ಥಿತಿಗೆ ತರೋದು, ಇವಕ್ಕೆ 5 ವರ್ಷ ಟೈಮ್ ಇದೆ. ಎರಡನೇ ಸಲ ಅದ್ರಡಿಲೇ ಹಾಕ್ದೆ.

ಆ ಮಧ್ಯೆ ಮೂರು ತಿಂಗಳು ಬರೀ ಕಾಗದದ ಕೆಲ್ಸ. ಆರ್‌ಟಿಐಲಿ ಕನ್ಸೆಂಟ್ ಆರ್ಡರ್, ಷರತ್ತುಗಳು, ತಪಾಸಣಾ ವರದಿ. ಸರ್ವೆ ಆಫೀಸಿಂದ ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಹಳ್ಳ ಬಿ ಖರಾಬಲ್ಲಿ, ಅಂದ್ರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗದಲ್ಲಿ, ಇದ್ಯಾ ಇಲ್ವಾ ನೋಡೋಕೆ (ಈ ಕೆಲ್ಸ ಮಾತ್ರ ನಂಗೆ ಚೆನ್ನಾಗಿ ಗೊತ್ತಿತ್ತು, ಪಾಲಿನ ಕೇಸು ನಡೆಸಿದ್ದು ದಂಡ ಆಗ್ಲಿಲ್ಲ). ಅಜ್ಜನ ಬಾಟಲಿ ವಿಷ್ಯಕ್ಕೆ ಬಂದ್ರೆ, ಜಲ ಕಾಯ್ದೆ 1974ರ ಸೆಕ್ಷನ್ 21 ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿ ಅಧಿಕಾರಿ ಘಟಕದೋರಿಗೆ ನೋಟಿಸ್ ಕೊಟ್ಟು, ಅವರೆದುರು ಸ್ಯಾಂಪಲ್ ಎರಡು ಪಾಲು ಮಾಡಿ, ಸೀಲ್ ಹಾಕಿ ಸಹಿ ಮಾಡಿಸ್ಬೇಕು, ಇಲ್ದಿದ್ರೆ ಅದ್ರ ರಿಸಲ್ಟ್ ಸಾಕ್ಷಿಯಾಗಿ ನಡಿಯಲ್ಲ. ಎನ್‌ಜಿಟಿಗೆ ಸಾಕ್ಷ್ಯ ಕಾಯ್ದೆ ಕಟ್ಟುನಿಟ್ಟಾಗಿ ಅನ್ವಯ ಆಗಲ್ಲ ನಿಜ, ಹಂಗಂತ ಊರವರ ಬಾಟಲಿ ನಂಬ್ಕೊಂಡು ಹೋಗೋಕಾಗಲ್ಲ. ಅದಕ್ಕೆ ಅಧಿಕಾರಿಗಳ ಜಂಟಿ ಸಮಿತಿ ಕಳಿಸಿ ಸ್ಯಾಂಪಲ್ ತೆಗೆಸಿ ಅಂತ್ಲೇ ಕೇಳ್ದೆ. ಸಮಿತಿ ಬಂತು, ಹಳ್ಳ, ಕೆರೆ, ನಾಲ್ಕು ಬೋರ್‌ವೆಲ್ ನೀರು ತೆಗೆದ್ರು, ವರದಿ ನಮ್ ಪರವಾಗೇ ಬಂತು.

ಈಗ ಕಕ್ಷಿದಾರರು ಬಂದ್ರೆ ಫೋಟೋ ವಿಡಿಯೋ ಆಮೇಲೆ ನೋಡ್ತೀನಿ, ಮೊದಲನೇ ಅರ್ಜಿ ಯಾವತ್ತು ಯಾರಿಗೆ ಕೊಟ್ರಿ ಅಂತ ಕೇಳ್ತೀನಿ. ಬೆಂಗಳೂರಿಂದ ಬರೋರು ಇನ್ನೂ ಕೆಲವ್ರು "ಕಟ್ಟಡ ಕಟ್ಟೋಕೆ ಕೆರೆಯಿಂದ 75 ಮೀಟರ್ ಬಿಡ್ಬೇಕಲ್ವಾ ಸಾರ್" ಅಂತಾರೆ, ಅದು ಎನ್‌ಜಿಟಿ 2016ರಲ್ಲಿ ಹೇಳಿದ್ದು, ಸುಪ್ರೀಂ ಕೋರ್ಟ್ 2019ರ ಮಾರ್ಚಲ್ಲಿ ತೆಗೆದುಹಾಕ್ತು ಅನ್ನೋದನ್ನ ಅವ್ರಿಗೆ ಹೇಳೋದೇ ಒಂದು ಕೆಲ್ಸ.

ಬಣ್ಣದ ಘಟಕದೋರು ನಮ್ ಪರ ಆದ ಎನ್‌ಜಿಟಿ ಆರ್ಡರ್ ಮೇಲೆ ಸುಪ್ರೀಂ ಕೋರ್ಟಿಗೆ ಹೋದ್ರು, ಅದಕ್ಕೆ 90 ದಿನ ಟೈಮು, ಅವ್ರು 88ನೇ ದಿನ ಹಾಕಿದ್ರು. ದೆಹಲಿಲಿ ಒಬ್ಬ ಅಡ್ವೊಕೇಟ್ ಆನ್ ರೆಕಾರ್ಡ್ (ಸುಪ್ರೀಂ ಕೋರ್ಟಲ್ಲಿ ಕೇಸ್ ಫೈಲ್ ಮಾಡೋ ಅಧಿಕಾರ ಇರೋ ವಕೀಲರು) ಹತ್ರ ನಮ್ ಫೈಲ್ ಪೂರ್ತಿ ಸ್ಕ್ಯಾನ್ ಮಾಡಿ ಕಳಿಸ್ದೆ, ಕಳಿಸೋ ಮುಂಚೆ ಅನೆಕ್ಷರ್‌ಗಳ ತಾರೀಕು ಒಂದೊಂದೇ ಬೆರಳಿಟ್ಟು ಓದ್ತಿದ್ದೆ, ನಮ್ ಜೂನಿಯರ್ ಹುಡುಗಿ "ಸಾರ್ ಇದು ಮೂರನೇ ಸಲ" ಅಂತ ನಕ್ಕಳು.