ಸ್ವಾತಿ ಮಳೆಯ ಲೆಕ್ಕ ಹಿಡಿದು ಮುತ್ತು ಬೆಳೆದೆ: ನನ್ನ ಅನುಭವ

ನಮ್ಮ ತೋಟದ ಕೃಷಿ ಹೊಂಡದಲ್ಲಿ ಕೊನೆಗೂ ಮುತ್ತು ಬಂತು. ಒಂದೆರಡಲ್ಲ, ಮುನ್ನೂರರ ಮೇಲೆ. ಅದು ಮೂರನೇ ಸಲದ ಪ್ರಯತ್ನ. ಮೊದಲೆರಡು ಸಲ ಹೋದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. "ಮುತ್ತು ಬೇಕಂದ್ರೆ ಸಮುದ್ರಕ್ಕೆ ಹೋಗಬೇಕು, ಹೊಂಡದಲ್ಲಿ ಏನ್ ಸಿಗುತ್ತೆ" ಅಂತ ಊರೆಲ್ಲ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಮೂವರು ಈಗ ಹೊಂಡ ನೋಡಿಕೊಂಡು ಹೋಗಿದ್ದಾರೆ. ಒಬ್ಬರು ಮಗಳ ಮದುವೆಗೆ ಮೂರು ಪದಕ ತೆಗೆದುಕೊಂಡು ಹೋದರು.

ಜೀವಂತ ಚಿಪ್ಪಿನ ಬಾಯಿ ತುಸು ತೆರೆದು, ಒಳಗೋಡೆಗೆ ಅಂಟಿದ ತೆಳು ಪೊರೆಯ (ಮ್ಯಾಂಟಲ್) ಅಡಿಗೆ ಬೀಡ್ ಅನ್ನುವ ಪುಟ್ಟ ಗುಂಡು ಇಲ್ಲವೇ ಅಚ್ಚು ಕೂರಿಸುವುದಕ್ಕೆ ಸರ್ಜರಿ ಅನ್ನುತ್ತಾರೆ. ಆಮೇಲೆ ಚಿಪ್ಪನ್ನು ಬಲೆಚೀಲದಲ್ಲಿ ಕಟ್ಟಿ ನೀರಿಗೆ ಇಳಿಬಿಡುವುದು. ಅದರ ವಿವರವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಎಲ್ಲಿ ಕೆಟ್ಟೆ, ಎಲ್ಲಿ ಸರಿಹೋಯಿತು ಅನ್ನುವುದಷ್ಟೇ ಹೇಳುತ್ತೇನೆ.

ಮೊದಲ ಸಲ 2019ರ ಏಪ್ರಿಲ್. ತರಬೇತಿಗೆ ಹದಿನೈದು ಸಾವಿರ ಕೊಟ್ಟಿದ್ದೆ. ವರ್ಷವಿಡೀ ಯಾವಾಗ ಬೇಕಾದರೂ ಸರ್ಜರಿ ಮಾಡಬಹುದು ಅಂದರು. ಬೆಳೆದ ಮುತ್ತು ನಾವೇ ವಾಪಸ್ ಕೊಳ್ಳುತ್ತೇವೆ ಅಂತಲೂ ಹೇಳಿದರು. ನಂಬಿದೆ. ಸಾವಿರ ಚಿಪ್ಪು ತರಿಸಿದೆ, ಸಾಗಾಟ ಸೇರಿ ಒಂದಕ್ಕೆ ಎಂಟು ರೂಪಾಯಿ ಬಿತ್ತು. ಚಿಪ್ಪಿಗೆ ಎರಡರಂತೆ ಬೀಡ್, ಅದಕ್ಕೆ ಹತ್ತು ಸಾವಿರ. ಬಲೆ, ಪೈಪು, ಹಗ್ಗ, ಔಷಧಿ ಅಂತ ಒಂಬತ್ತು ಸಾವಿರ. ಒಟ್ಟು ನಲವತ್ತೆರಡು ಸಾವಿರದ ಹತ್ತಿರ.

ಹತ್ತು ದಿನದಲ್ಲಿ ಮುನ್ನೂರು ಚಿಪ್ಪು ಸತ್ತು ಬಾಯಿ ಬಿಟ್ಟವು. ಆ ವಾಸನೆ ಗೊತ್ತಿದ್ದವರಿಗೇ ಗೊತ್ತು. ಮೇ ಮುಗಿಯುವ ಹೊತ್ತಿಗೆ ಇನ್ನೂರು ಉಳಿದಿದ್ದವು. ವರ್ಷ ಕಳೆದು ತೆಗೆದಾಗ ಬದುಕಿದ್ದವು ಅರವತ್ತು ಇರಬಹುದು. ಮುತ್ತು ಅನ್ನುವಂಥದ್ದು ಇಪ್ಪತ್ತೈದು, ಅದರಲ್ಲಿ ಮಾರಲು ಯೋಗ್ಯವಾದದ್ದು ಒಂಬತ್ತು. ವಾಪಸ್ ಕೊಳ್ಳುತ್ತೇವೆ ಅಂದಿದ್ದವರು ಫೋನ್ ಎತ್ತಲಿಲ್ಲ. ಆ ಒಂಬತ್ತನ್ನು ಪರಿಚಯದವರಿಗೇ ಕೊಟ್ಟು ಸಾವಿರದೈನೂರು ರೂಪಾಯಿ ಮಾಡಿಕೊಂಡೆ.

ಬಿಸಿಲು ಕೆಡಿಸಿತು ಅಂತ ತಿಳಿದುಕೊಂಡು ಎರಡನೇ ಸಲ 2020ರ ಆಗಸ್ಟ್‌ನಲ್ಲಿ ಮಾಡಿದೆ. ಅದು ಇನ್ನೊಂದು ತಪ್ಪು. ಹೊಂಡಕ್ಕೆ ಗುಡ್ಡದ ಕೆಂಪು ನೀರು ಇಳಿಯಿತು. ಹದಿನೈದು ದಿನ ನೀರು ಟೀ ಬಣ್ಣ. ಕಿವಿರಿನಲ್ಲಿ ಕೆಸರು ಕೂತರೆ ಚಿಪ್ಪು ಉಸಿರಾಡುವುದು ಹೇಗೆ, ತಿನ್ನುವುದು ಹೇಗೆ? ಅದರ ಮೇಲೆ ಕ್ಯಾಲ್ಸಿಯಂ ಆಗಲಿ ಅಂತ ಸುಣ್ಣ ಜಾಸ್ತಿ ಸುರಿದೆ. ನೀರಿನ ಕ್ಷಾರ ಏರಿ ಪಿಎಚ್ ಒಂಬತ್ತು ದಾಟಿತು. ಐನೂರು ಚಿಪ್ಪಿನಲ್ಲಿ ಉಳಿದದ್ದು ತೊಂಬತ್ತು ಚಿಲ್ಲರೆ. ಹದಿನೆಂಟು ಸಾವಿರ ಹಾಕಿದ್ದೆ, ಎರಡು ಸಾವಿರ ಬಂತು. ಮನೆಯಲ್ಲಿ "ಇನ್ನು ಸಾಕು" ಅಂದರು. ಅವರದ್ದು ತಪ್ಪಲ್ಲ.

ದಾರಿ ತೋರಿಸಿದ್ದು ನನಗೆ ಚಿಪ್ಪು ತಂದುಕೊಡುವ ಮೀನುಗಾರರು. ತುಂಗಭದ್ರೆಯ ದಡದವರು, ಅರವತ್ತು ದಾಟಿದ ವಯಸ್ಸು. ಅವರು ಸರ್ಜರಿ ಅಂದರೆ ಏನು ಅಂತ ಕೇಳಿದವರಲ್ಲ. "ಸ್ವಾತಿ ಮಳೆ ಕಳೀಲಿ ಸ್ವಾಮಿ, ಆಗ ಚಿಪ್ಪೊಳಗೆ ಮಾಂಸ ತುಂಬಿರ್ತದೆ, ಅಮುಕಿದ್ರೆ ಗೊತ್ತಾಗ್ತದೆ" ಅಂದರು.

ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಅನ್ನುವ ಕತೆ ಅಜ್ಜಿ ಹೇಳಿ ಮಲಗಿಸದ ಮನೆ ನಮ್ಮ ಕಡೆ ಇಲ್ಲ ಅಲ್ವಾ. ಹಳೆಯ ರತ್ನಶಾಸ್ತ್ರದವರು ಇನ್ನೂ ಮುಂದೆ ಹೋಗಿ ಆನೆಯ ಕುಂಭಸ್ಥಳ, ಹಂದಿಯ ಕೋರೆ, ಹಾವಿನ ಹೆಡೆ, ಬಿದಿರು, ಮೋಡ ಎಲ್ಲದರಲ್ಲೂ ಮುತ್ತು ಹುಟ್ಟಿಸಿದ್ದಾರೆ. ಹನಿ ಮುತ್ತಾಗುವುದಿಲ್ಲ, ನಿಜ. ಒಳಗೆ ಸೇರಿದ ಚೂರಿನ ಸುತ್ತ, ಇಲ್ಲವೇ ಜಾಗ ತಪ್ಪಿದ ಮ್ಯಾಂಟಲ್ ಜೀವಕೋಶದ ಸುತ್ತ ಚಿಪ್ಪು ತನ್ನ ಹೊಳಪನ್ನೇ ಬಳಿಯುತ್ತದೆ. ಆದರೆ ಆ ಕತೆಯೊಳಗೆ ಒಂದು ಕಾಲದ ಲೆಕ್ಕ ಇದೆ. ಸ್ವಾತಿ ಮಳೆ ಅಂದರೆ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮೊದಲ ವಾರ. ನಾನು ಥರ್ಮಾಮೀಟರ್ ಕಟ್ಟಿ ಒಂದು ವರ್ಷ ಸುಮ್ನೆ ನೀರನ್ನೇ ನೋಡಿದೆ. ಏಪ್ರಿಲ್‌ನಲ್ಲಿ ಒಂದು ಅಡಿ ಆಳದಲ್ಲಿ 31, 32 ಡಿಗ್ರಿ. ನವೆಂಬರ್‌ನಲ್ಲಿ 25, 26. ಕೆಸರು ತಳಕ್ಕೆ ಇಳಿದಿರುತ್ತದೆ, ನೀರು ತಿಳಿಹಸಿರು ಇರುತ್ತದೆ, ಮಳೆಗಾಲದಲ್ಲಿ ತಿಂದುಂಡ ಚಿಪ್ಪು ಗಟ್ಟಿಯಾಗಿರುತ್ತದೆ. ಗಾಯ ಮಾಯಲು ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ.

2021ರ ನವೆಂಬರ್ ಹತ್ತರ ಆಸುಪಾಸು ಮೂರನೇ ಸಲ ಕೂತೆ. ಮುನ್ನೂರೇ ಚಿಪ್ಪು. ಎಲ್ಲ ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್ ಅನ್ನುವ ಸಿಹಿನೀರಿನ ಜಾತಿ, ಎಂಟು ಸೆಂಟಿಮೀಟರ್‌ಗಿಂತ ಉದ್ದ ಇದ್ದವನ್ನು ಮಾತ್ರ ಆರಿಸಿದೆ. ಮೂರು ದಿನ ತೊಟ್ಟಿಯಲ್ಲಿ ಒತ್ತಾಗಿ ಇಟ್ಟೆ, ಸ್ನಾಯು ಸಡಿಲವಾಗಲಿ ಅಂತ. ಮೊದಲೆರಡು ಸಲ ಈ ಮೂರು ದಿನವನ್ನು ಒಂದಕ್ಕೆ ಇಳಿಸಿದ್ದೆ, ಚಿಪ್ಪನ್ನು ಬಲವಂತವಾಗಿ ತೆರೆಯಬೇಕಾಗಿತ್ತು. ದಿನಕ್ಕೆ ನಲವತ್ತಕ್ಕಿಂತ ಜಾಸ್ತಿ ಮಾಡಲಿಲ್ಲ. ಒಂದು ಸೆಂಟಿಮೀಟರ್‌ಗಿಂತ ಅಗಲ ತೆರೆಯಲಿಲ್ಲ. ಸಾವಿರ ಮಾಡಿದಾಗ ಸಂಜೆಯ ಹೊತ್ತಿಗೆ ಕೈ ನಡುಗುತ್ತಿತ್ತು, ಮ್ಯಾಂಟಲ್ ಹರಿಯುತ್ತಿತ್ತು. ಹರಿದ ಮ್ಯಾಂಟಲ್ ಬೀಡನ್ನು ಹೊರಗೆ ಹಾಕುತ್ತದೆ, ಇಲ್ಲವೇ ಚಿಪ್ಪೇ ಸಾಯುತ್ತದೆ.

ಇನ್ನೊಂದು ಬದಲಾವಣೆ ಬೀಡಿನದು. ಕೊಂಡ ಬೀಡು ಬಿಟ್ಟೆ. ಸತ್ತ ಚಿಪ್ಪುಗಳನ್ನೇ ತೊಳೆದು, ಬಿಳಿ ಭಾಗ ಅರೆದು ಪುಡಿ ಮಾಡಿ ಗಣಪತಿ, ಶಂಖ, ಎಲೆ ಅಚ್ಚು ಹಾಕಿದೆ. ಒಂದಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ. ಪುಡಿಗೆ ಅಂಟು ಎಷ್ಟು, ಯಾವುದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಪಟ್ಟ ಪಾಡು ಅದು. ಅಚ್ಚಿನ ಅಂಚು ಚೂಪಾಗಿದ್ದರೆ ಹೊಳಪು ಅಲ್ಲೇ ಬಿರಿಯುತ್ತದೆ, ಅಂಚು ಉಜ್ಜಿ ದುಂಡಗೆ ಮಾಡಿ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಅಚ್ಚಿನ ಮುತ್ತು ಅಂದರೆ ಮೂಗು ಮುರಿಯುವವರು ಇದ್ದಾರೆ. ಚೀನಾದಲ್ಲಿ ನೂರಾರು ವರ್ಷಗಳ ಹಿಂದೆಯೇ ಸಿಹಿನೀರಿನ ಚಿಪ್ಪಿನೊಳಗೆ ಪುಟ್ಟ ಬುದ್ಧನ ಬಿಲ್ಲೆ ಇಟ್ಟು ಮುತ್ತಿನ ಬುದ್ಧ ತೆಗೆಯುತ್ತಿದ್ದರು. ಜಪಾನಿನ ಮಿಕಿಮೊಟೊ 1893ರಲ್ಲಿ ತೆಗೆದ ಮೊದಲ ಮುತ್ತೂ ಅಚ್ಚಿನ ಮುತ್ತಿನಂತೆ ಚಿಪ್ಪಿನ ಗೋಡೆಗೆ ಅಂಟಿ ಬೆಳೆದ ಅರ್ಧ ಮುತ್ತೇ. ಅದಕ್ಕೂ ಮುಂಚೆ ಕೆಂಪು ಪಾಚಿ ಎದ್ದು ಆತನ ಚಿಪ್ಪುಗಳು ಸತ್ತು ಹೋಗಿದ್ದವು. ನನ್ನ ಎರಡನೇ ಸೋಲಿನ ನಂತರ ಇದನ್ನು ಓದಿದ್ದೆ, ಧೈರ್ಯ ಬಂತು. ನಮ್ಮಲ್ಲಿ ಸಮುದ್ರದ ಚಿಪ್ಪಿನಲ್ಲಿ ಮುತ್ತು ಬೆಳೆಸಿ ತೋರಿಸಿದ್ದು 1973ರಲ್ಲಿ, ತೂತುಕುಡಿಯಲ್ಲಿ. ಸಿಹಿನೀರಿನ ವಿಧಾನ ರೂಪಿಸಿದ್ದು ಭುವನೇಶ್ವರದ ಸಿಫಾ, ಅಂದರೆ ಕೇಂದ್ರ ಸರ್ಕಾರದ ಸಿಹಿನೀರು ಮೀನುಸಾಕಣೆ ಸಂಶೋಧನಾ ಸಂಸ್ಥೆ. ಆ ಸಂಸ್ಥೆಯ ಕೈಪಿಡಿಯೇ ನನಗೆ ಕೊನೆಗೂ ಆಧಾರವಾಯಿತು. ಸುಡು ಬೇಸಿಗೆಯಲ್ಲಿ ಸರ್ಜರಿ ಬೇಡ ಅನ್ನುವ ಮಾತು ಅದರಲ್ಲೂ ಇದೆ. ಮೊದಲೇ ಓದಬೇಕಿತ್ತು.

ಮೂರನೇ ಸಲ ಹತ್ತು ದಿನದ ಆರೈಕೆ ಮುಗಿದಾಗ 270 ಬದುಕಿದ್ದವು. ಚೀಲಕ್ಕೆ ಎರಡು, ಮೂರು ಅಡಿ ಆಳ. ಬೇಸಿಗೆಯಲ್ಲಿ ಐದು ಅಡಿಗೆ ಇಳಿಸಿದೆ. ನಮ್ಮದು ಪ್ಲಾಸ್ಟಿಕ್ ಹೊದಿಸಿದ ಹೊಂಡ, ಬೋರ್‌ವೆಲ್ ನೀರು. ಅದರಲ್ಲಿ ಹಸಿರು ತಾನಾಗಿ ಬರುವುದಿಲ್ಲ. ಸಗಣಿ ನೀರು ಮತ್ತು ಇನ್ನೊಂದು ಸಾಮಾನು ಹಾಕಿ ಹಸಿರು ಹಿಡಿಸುತ್ತೇನೆ. ಆ ಇನ್ನೊಂದು ನನ್ನ ಬಳಿಯೇ ಇರಲಿ. ಮೊಣಕೈವರೆಗೆ ಕೈ ಮುಳುಗಿಸಿದರೆ ಅಂಗೈ ಮಬ್ಬಾಗಿ ಕಾಣಬೇಕು, ಅಷ್ಟು ಹಸಿರು ಸಾಕು. ಕಾಟ್ಲಾ, ರೋಹು ಮೀನು ಐವತ್ತು ಬಿಟ್ಟಿದ್ದೆ. ಚಿಪ್ಪಿನ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ದಿನ ಬದುಕುತ್ತವೆ. ಹೋದ ವರ್ಷ ತಳದ ಕೆಸರಿನಲ್ಲಿ ಉಗುರು ಗಾತ್ರದ ಮೂರು ಚಿಪ್ಪು ಸಿಕ್ಕವು. ನಾನು ತಂದು ಹಾಕಿದ್ದಲ್ಲ, ಇಲ್ಲೇ ಹುಟ್ಟಿದ್ದು. ಅವತ್ತು ಆದ ಖುಷಿ ಮುತ್ತು ಸಿಕ್ಕಾಗಲೂ ಆಗಿರಲಿಲ್ಲ.

ತೆಗೆದದ್ದು 2023ರ ಜನವರಿ, ಹದಿನಾಲ್ಕು ತಿಂಗಳಿಗೆ. ಜಪಾನಿನವರು ಚಳಿಗಾಲದಲ್ಲೇ ತೆಗೆಯುತ್ತಾರೆ. ನೀರು ತಣ್ಣಗಿದ್ದಾಗ ಚಿಪ್ಪು ನಿಧಾನವಾಗಿ, ತೆಳುವಾಗಿ ಪದರ ಬಳಿಯುತ್ತದೆ. ಮೇಲಿನ ಪದರ ತೆಳುವಾಗಿ ಸಮವಾಗಿದ್ದಷ್ಟೂ ಹೊಳಪು ಜಾಸ್ತಿ. ಪರೀಕ್ಷೆಗೆ ಅಂತ ಅಕ್ಟೋಬರ್‌ನಲ್ಲಿ ಹತ್ತು ಚಿಪ್ಪು ಒಡೆದಿದ್ದೆ, ಅವು ಮಂಕು. ಜನವರಿಯವನ್ನು ಪಕ್ಕದಲ್ಲಿಟ್ಟರೆ ಮಕ್ಕಳೂ ವ್ಯತ್ಯಾಸ ಹೇಳುತ್ತಾರೆ.

ಇನ್ನೂರರ ಹತ್ತಿರ ಚಿಪ್ಪು, ಮುನ್ನೂರ ಮೂವತ್ತು ಮುತ್ತು. ನೂರು ದಂಡ. ನೂರ ಇಪ್ಪತ್ತು ಸಾಧಾರಣ, ಎಪ್ಪತ್ತು ರೂಪಾಯಿಯಂತೆ ಹೋದವು. ನೂರ ಹತ್ತು ಒಳ್ಳೆಯವು, ಸರಾಸರಿ ಇನ್ನೂರ ಇಪ್ಪತ್ತು. ಮೂವತ್ತೆರಡು ಸಾವಿರ ಬಂತು, ಖರ್ಚು ಹನ್ನೊಂದು ಸಾವಿರ. 2023ರ ನವೆಂಬರ್‌ನಲ್ಲಿ ನಾನೂರು ಚಿಪ್ಪು ಮಾಡಿದೆ, ಅದರಿಂದ ಕೈಗೆ ಮೂವತ್ತೈದು ಸಾವಿರ ಉಳಿಯಿತು. ಹಳೆಯ ನಷ್ಟವೆಲ್ಲ ಕಳೆದರೆ ಈಗ ಸರಿಸುಮಾರು ಸಾಟಿ. ನನ್ನ ಕೂಲಿ ಹಿಡಿದಿಲ್ಲ. ಲಕ್ಷ ಲಕ್ಷ ಅನ್ನುವವರ ಮಾತು ನಂಬಿ ಸಾಲ ಮಾಡಬೇಡಿ.

ಕೊಳ್ಳುವವರಲ್ಲಿ ಎರಡು ಬಗೆ. ಒಂದು, ಜೂನ್‌ನಲ್ಲಿ ಹುಟ್ಟಿದವರಿಗೆ ಉಡುಗೊರೆ ಕೊಡುವವರು. ತಿಂಗಳಿಗೊಂದು ಕಲ್ಲು ಅನ್ನುವ ಈಗಿನ ಪಟ್ಟಿಯನ್ನು ಅಮೆರಿಕದ ಒಡವೆ ವ್ಯಾಪಾರಿಗಳು 1912ರಲ್ಲಿ ಮಾಡಿದ್ದು, ಅದರಲ್ಲಿ ಜೂನ್‌ಗೆ ಮುತ್ತು. ಇವರಿಗೆ ಅಚ್ಚಿನ ಮುತ್ತಿನ ಪದಕ ಇಷ್ಟ. ಇನ್ನೊಂದು, ಚಂದ್ರನಿಗೆ ಅಂತ ಸೋಮವಾರ ಬೆಳ್ಳಿ ಉಂಗುರದಲ್ಲಿ ಹಾಕುವವರು. ಇವರಿಗೆ ದುಂಡು ಮುತ್ತೇ ಬೇಕು, ಮುತ್ತಿನ ಅಡಿಭಾಗ ಬೆರಳಿಗೆ ತಾಗಬೇಕು. ಅರ್ಧ ಮುತ್ತು ಕೊಟ್ಟರೆ ಒಪ್ಪುವುದಿಲ್ಲ.

ಆ ದುಂಡು ಮುತ್ತಿಗಾಗಿ ಬೇರೆ ಪ್ರಯೋಗ ಮಾಡಿದೆ. ಸಸ್ಯಗಳಿಗೆ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ 1761ರ ಹೊತ್ತಿಗೆ ನದಿಯ ಚಿಪ್ಪಿನಲ್ಲಿ ದುಂಡು ಮುತ್ತು ಬೆಳೆಸಿದ್ದ. ಚಿಪ್ಪಿಗೆ ಸಣ್ಣ ತೂತು ಕೊರೆದು, ಬೆಳ್ಳಿ ತಂತಿಯ ತುದಿಗೆ ಸುಣ್ಣದ ಹರಳು ಸಿಕ್ಕಿಸಿ ಒಳಗೆ ಬಿಡುವುದು. ತಂತಿ ಹಿಡಿದಿರುವುದರಿಂದ ಹರಳು ಚಿಪ್ಪಿನ ಗೋಡೆಗೆ ಅಂಟುವುದಿಲ್ಲ. ಹನ್ನೆರಡು ಚಿಪ್ಪಿಗೆ ಮಾಡಿ ನೋಡಿದೆ. ಐದು ಸತ್ತವು. ಆರರಲ್ಲಿ ತಂತಿಯೇ ಗೋಡೆಗೆ ಸೇರಿಕೊಂಡಿತ್ತು. ಒಂದರಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ, ಕುತ್ತಿಗೆ ಇರುವ ಮುತ್ತು. ಆತನ ಮುತ್ತುಗಳು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿವೆ, ನನ್ನದು ಮೇಜಿನ ಡಬ್ಬಿಯಲ್ಲಿದೆ.

ಗೊನಾಡ್ ಸರ್ಜರಿಯನ್ನು, ಅಂದರೆ ಚಿಪ್ಪಿನ ಸಂತಾನದ ಅಂಗದೊಳಗೆ ಬೀಡು ಕೂರಿಸುವುದನ್ನು, ನಲವತ್ತು ಚಿಪ್ಪಿಗೆ ಮಾಡಿದೆ. ಮೂರು ಮಿಲಿಮೀಟರ್ ಬೀಡು, ಜೊತೆಗೆ ಇನ್ನೊಂದು ಚಿಪ್ಪಿನ ಮ್ಯಾಂಟಲ್ ಚೂರು. ಚೂರಿನ ಹೊರಮೈ ಬೀಡಿಗೆ ತಾಗಿ ಕೂರಬೇಕು, ಅದು ತಪ್ಪಿದರೆ ಬೀಡು ಬರಿದಾಗಿಯೇ ಉಳಿಯುತ್ತದೆ. ನಾಲ್ಕು ಮುತ್ತು ಸಿಕ್ಕವು. ಎರಡು ನಿಜವಾಗಿ ದುಂಡು, ಸ್ವಲ್ಪ ಗುಲಾಬಿ ಛಾಯೆ.

ಒಡವೆ ಮಾಡಿಸುವಾಗ ಎರಡು ಕಡೆ ಪೆಟ್ಟು ತಿಂದೆ. ಒಬ್ಬ ಅಕ್ಕಸಾಲಿಗರು ಮುತ್ತು ಕೂರಿಸಿದ ಮೇಲೆ ಬೆಳ್ಳಿಗೆ ಬೆಸುಗೆ ಹಾಕಿದರು. ಮುತ್ತು ಕಂದಿತು. ಮುತ್ತಿನ ಪದರಗಳ ನಡುವೆ ಜೀವಿಯದ್ದೇ ಅಂಟು ಇದೆ, ನೀರಿನ ಅಂಶ ಇದೆ, ಬೆಂಕಿ ತಾಗಬಾರದು. ಆರು ಪದಕ ಹಾಳು. ಇನ್ನೊಂದು ಸಲ ಗಿರಾಕಿಯೊಬ್ಬರು ಬೆಳ್ಳಿ ಹೊಳೆಯಲಿ ಅಂತ ಪದಕವನ್ನು ಹುಣಸೆ ನೀರಿನಲ್ಲಿ ರಾತ್ರಿಯಿಡೀ ಇಟ್ಟರು. ಹುಳಿ ಮುತ್ತನ್ನು ತಿನ್ನುತ್ತದೆ. ಕ್ಲಿಯೋಪಾತ್ರ ಮುತ್ತನ್ನು ಹುಳಿಯಲ್ಲಿ ಕರಗಿಸಿ ಕುಡಿದಳು ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ಆ ಕತೆ ಓದಿ ನಾನೂ ದಂಡದ ಮುತ್ತೊಂದನ್ನು ವಿನೆಗರ್‌ಗೆ ಹಾಕಿದ್ದೆ. ಗುಳ್ಳೆ ಎದ್ದವು, ಮರುದಿನಕ್ಕೂ ಪೂರ್ತಿ ಕರಗಿರಲಿಲ್ಲ. ಆದರೆ ಹೊಳಪು ಮೊದಲ ಗಂಟೆಯಲ್ಲೇ ಹೋಗಿತ್ತು. ಈಗ ಪ್ರತಿ ಪದಕದ ಜೊತೆ ಚೀಟಿ ಇಡುತ್ತೇನೆ: ಹುಣಸೆ, ನಿಂಬೆ ಬೇಡ, ಸೆಂಟು ಹಾಕಿದ ಮೇಲೆ ಧರಿಸಿ, ಬಿಚ್ಚಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತಿ ಬಟ್ಟೆಯಲ್ಲಿ ಬೇರೆಯಾಗಿ ಇಡಿ. ಮುತ್ತಿನ ಗಡಸುತನ ಮೋಸ್ ಅಳತೆಯಲ್ಲಿ 2.5ರಿಂದ 4.5 ಅಷ್ಟೇ. ಧೂಳಿನಲ್ಲಿರುವ ಮರಳು 7. ಒಣ ಬಟ್ಟೆಯಲ್ಲಿ ಉಜ್ಜಿದರೂ ಗೀರು ಬೀಳುತ್ತದೆ.

ಅಸಲಿಯೋ ಅಂತ ಕೇಳುವವರಿಗೆ ಹಲ್ಲಿಗೆ ಮೆಲ್ಲಗೆ ಉಜ್ಜಿ ನೋಡಿ ಅನ್ನುತ್ತೇನೆ. ಸಣ್ಣ ಮರಳಿನ ಹಾಗೆ ತರಿತರಿ ಅನ್ನಿಸಬೇಕು. ಪ್ಲಾಸ್ಟಿಕ್ ಜಾರುತ್ತದೆ.

ಆ ಎರಡು ದುಂಡು ಮುತ್ತಿನಲ್ಲಿ ಒಂದಕ್ಕೆ ಗಿರಾಕಿಯೊಬ್ಬರು ಎರಡು ಸಾವಿರ ಕೊಡುತ್ತೇನೆ ಅಂದರು. ಕೊಡಲಿಲ್ಲ. ನನ್ನ ಮಗಳು ಹುಟ್ಟಿದ್ದು ಜೂನ್‌ನಲ್ಲಿ. ಎರಡಕ್ಕೂ ತೂತು ಹಾಕಿಸಿ ಅವಳಿಗೆ ಓಲೆ ಮಾಡಿಸಿದೆ. "ಇನ್ನು ಸಾಕು" ಅಂದಿದ್ದ ಅವಳಮ್ಮನೇ ಅದನ್ನು ಅವಳ ಕಿವಿಗೆ ಹಾಕಿದರು. ಈ ಸಲದ ಚಿಪ್ಪಿಗೆ ಮೀನುಗಾರರಿಗೆ ಮುಂಗಡ ಕೊಟ್ಟಾಗಿದೆ. ಐನೂರು ಹೇಳಿದ್ದೇನೆ, ಅದರಲ್ಲಿ ನೂರು ಗೊನಾಡ್‌ಗೆ.