ಅರಿಶಿನಕ್ಕೆ ಎಚ್‌ಪಿಎಲ್‌ಸಿ ಮೆಥಡ್: ರಿಕವರಿ 99 ಬಂದ್ಮೇಲೂ ಗಸಿ ನೋಡಿ

ಫಾರ್ಮಸಿ ಪಿಎಚ್‌ಡಿಗೆ ಸೇರಿದ ಹೊಸದ್ರಲ್ಲಿ ಕೇಳೋ ಮಾತು ಏನಂದ್ರೆ, ಮೆಥಡ್ ಡೆವಲಪ್‌ಮೆಂಟ್ ಅಂದ್ರೆ ಯಾವ್ದೋ ಹಳೇ ಪೇಪರ್ ಇಟ್ಕೊಂಡು ಮೊಬೈಲ್ ಫೇಸ್ (ಮೆಷಿನ್‌ನಲ್ಲಿ ಹರಿಯೋ ದ್ರಾವಕ) ಸ್ವಲ್ಪ ಹಿಂದೆ ಮುಂದೆ ಮಾಡೋದು, ವ್ಯಾಲಿಡೇಷನ್ (ಮೆಥಡ್ ನಂಬ್ಬಹುದು ಅಂತ ಸಾಬೀತು ಮಾಡೋದು) ಅಂದ್ರೆ ಐಸಿಎಚ್ (ಔಷಧಿಗಳಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಮಾಡೋ ಸಂಸ್ಥೆ) ಟೇಬಲ್ ತುಂಬೋದು, ಅಷ್ಟೇ. ಮಾತ್ರೆಗಳ ಮೇಲೆ ಕೆಲಸ ಮಾಡೋರಿಗೆ ಇದು ಹೇಗೋ ನಡ್ಕೊಂಡು ಹೋಗುತ್ತೆ. ನಾನು ತಗೊಂಡಿದ್ದು ಅರಿಶಿನ ಪುಡಿ, ಅದ್ರಲ್ಲಿರೋ ಮೂರು ಕರ್ಕ್ಯುಮಿನಾಯ್ಡ್‌ಗಳನ್ನ (ಅರಿಶಿನಕ್ಕೆ ಹಳದಿ ಕೊಡೋ ಕಾಂಪೌಂಡ್‌ಗಳು) ಬೇರೆ ಬೇರೆಯಾಗಿ ಅಳೆಯೋ ಮೆಥಡ್. ಗಿಡಮೂಲಿಕೆ ಸ್ಯಾಂಪಲ್ ತಗೊಂಡ ತಕ್ಷಣ ಆಟದ ರೂಲ್ಸೇ ಬೇರೆ.

ಎಚ್‌ಪಿಎಲ್‌ಸಿ ಅಂದ್ರೆ ಸ್ಯಾಂಪಲ್‌ನ ಕಾಲಂ ಅನ್ನೋ ಕೊಳವೆಯಲ್ಲಿ ಹರಿಸಿ ಕಾಂಪೌಂಡ್‌ಗಳನ್ನ ಬೇರ್ಪಡಿಸಿ ಅಳೆಯೋದು, ಒಂದೊಂದೂ ಗ್ರಾಫ್‌ನಲ್ಲಿ ಒಂದು ಪೀಕ್ ಆಗಿ ಕಾಣುತ್ತೆ. ಅದ್ಯಾಕೆ, ಎಷ್ಟು ಬೆಳಕು ಹೀರುತ್ತೆ ಅಂತ ಅಳೆಯೋ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 425 ನ್ಯಾನೋಮೀಟರ್‌ಗೆ ಒಂದು ರೀಡಿಂಗ್ ತಗೊಂಡ್ರೆ ಆಗಲ್ವಾ ಅಂತ ಸಿನಾಪ್ಸಿಸ್ ಟೈಮಲ್ಲೇ ಕೇಳಿದ್ರು. ಆಗುತ್ತೆ, ವ್ಯಾಪಾರದಲ್ಲಿ ಹಾಗೇ ಮಾಡ್ತಾರೆ ಕೂಡ. ಆದ್ರೆ ಅಲ್ಲಿ ಬರೋದು ಮೂರರ ಒಟ್ಟು ಹಳದಿ, ಜೊತೆಗೆ ಯಾರಾದ್ರೂ ಮೆಟಾನಿಲ್ ಯೆಲ್ಲೋ ಅನ್ನೋ ಕೃತಕ ಬಣ್ಣ ಬೆರೆಸಿದ್ರೆ ಅದ್ರ ಹಳದಿನೂ ಸೇರಿ ಲೆಕ್ಕ ಜಾಸ್ತಿ ತೋರ್ಸುತ್ತೆ, ಅಂದ್ರೆ ಕಲಬೆರಕೆ ಮಾಲಿಗೇ ಒಳ್ಳೆ ಮಾರ್ಕ್ಸ್!

ಕಾಲಂ ಮಾಮೂಲಿ ಸಿ18, 250 ಮಿಮೀ ಉದ್ದ, 4.6 ಮಿಮೀ ಒಳವ್ಯಾಸ, ಒಳಗಿನ ಕಣ 5 ಮೈಕ್ರಾನ್. ಮೂರು ಕಾಂಪೌಂಡ್‌ಗೂ ಇರೋ ವ್ಯತ್ಯಾಸ ಒಂದೊಂದು ಮೆಥಾಕ್ಸಿ ಗುಂಪು ಅಷ್ಟೇ, ಅದಕ್ಕೇ ಪೀಕ್‌ಗಳು ಒಂದಕ್ಕೊಂದು ಅಂಟ್ಕೊಂಡೇ ಬರೋದು. ಮೆಥನಾಲ್‌ನಲ್ಲಿ ಕೊನೇ ಎರಡು ಬಿಡಿಸ್ಕೊಳ್ಳಲೇ ಇಲ್ಲ, ಅಸಿಟೋನೈಟ್ರೈಲ್‌ಗೆ ಬದಲಾಯಿಸಿ ಶೇ 2 ಅಸಿಟಿಕ್ ಆಸಿಡ್ ನೀರಿನ ಜೊತೆ ಹೆಚ್ಚುಕಮ್ಮಿ ಅರ್ಧಕ್ಕರ್ಧ ಓಡಿಸಿದಾಗ ಮೊದ್ಲು ಬಿಸ್‌ಡಿಮೆಥಾಕ್ಸಿ, ಆಮೇಲೆ ಡಿಮೆಥಾಕ್ಸಿ, ಕೊನೆಗೆ ಕರ್ಕ್ಯುಮಿನ್, ನೀಟಾಗಿ ಬಂತು. ಆಸಿಡ್ ಇರ್ಲೇಬೇಕು. ಕ್ಷಾರ ತಾಗಿದ್ರೆ ಕರ್ಕ್ಯುಮಿನ್ ಉಳಿಯಲ್ಲ, ಆರತಿ ತಟ್ಟೆಗೆ ಅರಿಶಿನ ಸುಣ್ಣ ಕಲಸಿದಾಗ ನೀರು ಕೆಂಪಾಗುತ್ತಲ್ಲ, ಫೋರ್ಸ್ಡ್ ಡಿಗ್ರೇಡೇಷನ್‌ಗೆ (ಬೇಕಂತಲೇ ಕೆಡಿಸಿ ನೋಡೋ ಪರೀಕ್ಷೆ) ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗಲೂ ಶುರುವಲ್ಲಿ ನಡೆಯೋದು ಅದೇ, ಆಮೇಲೆ ನೋಡ್ತಾ ನೋಡ್ತಾ ಬಣ್ಣ ಇಳಿದು ಪೀಕೂ ಇಳಿಯುತ್ತೆ. ಬೆಳಕಿಗೂ ಆಗಲ್ಲ, ಹಾಗಾಗಿ ಎಲ್ಲಾ ಕಂದು ಬಣ್ಣದ ಫ್ಲಾಸ್ಕ್‌ನಲ್ಲೇ.

ಸ್ಟ್ಯಾಂಡರ್ಡ್, ಅಂದ್ರೆ ಹೋಲಿಸೋಕೆ ಬೇಕಾದ ಶುದ್ಧ ಕಾಂಪೌಂಡ್, ತರಿಸೋವಾಗ ಲೇಬಲ್ ಸರಿಯಾಗಿ ಓದಿ. ಶೇ 95 ಕರ್ಕ್ಯುಮಿನ್ ಅಂತ ಅಗ್ಗಕ್ಕೆ ಸಿಗೋದ್ರಲ್ಲಿ ಆ 95 ಸಾಮಾನ್ಯವಾಗಿ ಮೂರೂ ಸೇರಿದ್ದು. ಅದನ್ನೇ ಕರ್ಕ್ಯುಮಿನ್ ಸ್ಟ್ಯಾಂಡರ್ಡ್ ಅಂತ ತೂಗಿದ್ರೆ ಮುಂದಿನ ಲೆಕ್ಕ ಎಲ್ಲಾ ಓರೆ. ಮೂರಕ್ಕೂ ಪ್ರತ್ಯೇಕ ಸ್ಟ್ಯಾಂಡರ್ಡ್ ದುಬಾರಿನೇ, ಬೇರೆ ದಾರಿ ಇಲ್ಲ.

ಲಿನಿಯಾರಿಟಿ (ಪ್ರಮಾಣ ಏರಿದಷ್ಟೇ ಪೀಕ್ ಏರಿಯಾನೂ ಏರೋದು) ಬಗ್ಗೆ ಜಾಸ್ತಿ ಹೇಳಲ್ಲ. ಐಸಿಎಚ್ ಕೇಳೋದು ಕನಿಷ್ಠ 5 ಲೆವೆಲ್, ನಾನು ಪ್ರತಿ ಎಂಎಲ್‌ಗೆ 5ರಿಂದ 50 ಮೈಕ್ರೋಗ್ರಾಂ ತಗೊಂಡೆ. ಆರ್ ಸ್ಕ್ವೇರ್ (ಬಿಂದುಗಳು ಗೆರೆಗೆ ಎಷ್ಟು ಹತ್ರ ಅನ್ನೋ ಅಂಕಿ) 0.999 ಬಂತು ಅಂತ ಕುಣಿಯೋಕೆ ಹೋಗ್ಬೇಡಿ, ಪ್ರತಿ ಲೆವೆಲ್‌ನ ಏರಿಯಾ ವಾಪಸ್ ಈಕ್ವೇಷನ್‌ಗೆ ಹಾಕಿ ನೋಡಿ, 0.9995 ಇದ್ದೂ 5 ಇರ್ಬೇಕಾದ ಕಡೆ 5.6 ಕೂತಿರುತ್ತೆ. ಇನ್ನು ಎಲ್‌ಒಡಿ, ಎಲ್‌ಒಕ್ಯೂ, ಅಂದ್ರೆ ಪತ್ತೆ ಹಚ್ಚೋಕೆ, ಅಳೆಯೋಕೆ ಆಗೋ ಕನಿಷ್ಠ ಪ್ರಮಾಣ. ಐಸಿಎಚ್ ಪ್ರಕಾರ ಅಸ್ಸೇ (ಮುಖ್ಯ ಅಂಶ ಎಷ್ಟಿದೆ ಅಂತ ಅಳೆಯೋ) ಮೆಥಡ್‌ಗೆ ಅವು ಬೇಕಾಗಿಯೇ ಇಲ್ಲ, ಆದ್ರೂ ವೈವಾದಲ್ಲಿ ಕೇಳೋದು ಅದನ್ನೇ.

ಈಗ ಬರ್ತೀನಿ ರಿಕವರಿಗೆ, ಅಂದ್ರೆ ಗೊತ್ತಿರೋ ಪ್ರಮಾಣ ಸೇರಿಸಿ ಅದ್ರಲ್ಲಿ ಎಷ್ಟು ಪರ್ಸೆಂಟ್ ವಾಪಸ್ ಸಿಗುತ್ತೆ ಅಂತ ನೋಡೋದು. ನನಗೆ ಹೇಳಬೇಕಾಗಿರೋದೇ ಇದು. ಮಾತ್ರೆ ಆದ್ರೆ ಔಷಧಿ ಬಿಟ್ಟು ಉಳಿದಿದ್ದೆಲ್ಲಾ ಸೇರಿಸಿ ಪ್ಲಸೀಬೊ ಮಾಡ್ಬಹುದು, ಕರ್ಕ್ಯುಮಿನ್ ಇಲ್ಲದ ಅರಿಶಿನ ಎಲ್ಲಿಂದ ತರ್ತೀರಾ? ಹಾಗಾಗಿ ಪುಡಿಗೇ ಸ್ಟ್ಯಾಂಡರ್ಡ್ ಸೇರಿಸೋದು, ಅದ್ರಲ್ಲಿ ಮೊದ್ಲೇ ಇರೋದ್ರ 50, 100, 150 ಪರ್ಸೆಂಟ್, ಒಂದೊಂದಕ್ಕೆ ಮೂರು ಸಲ, ಒಟ್ಟು 9. ಇಲ್ಲೊಂದು ಲೆಕ್ಕ ಮೊದ್ಲೇ ಮಾಡ್ಕೊಳ್ಳಿ. ಪುಡೀಲಿ ಶೇ 3 ಕರ್ಕ್ಯುಮಿನ್ ಇದೆ ಅಂದ್ಕೊಳ್ಳಿ, 500 ಮಿಗ್ರಾಂ ತೂಗಿ ಮೆಥನಾಲ್‌ನಲ್ಲಿ 50 ಎಂಎಲ್ ಮಾಡಿ ಹತ್ತು ಪಟ್ಟು ಡೈಲ್ಯೂಟ್ ಮಾಡಿದ್ರೆ ಎಂಎಲ್‌ಗೆ 30 ಮೈಕ್ರೋಗ್ರಾಂ, ಅದ್ರ ಮೇಲೆ 150 ಪರ್ಸೆಂಟ್ ಸೇರಿಸಿದ್ರೆ 75, ಲಿನಿಯಾರಿಟಿ ಕರ್ವ್ ಇರೋದು 50ರ ತನಕ. ಅದಕ್ಕೆ ರಿಕವರಿಗೆ ಪುಡಿ ಅರ್ಧ, 250 ಮಿಗ್ರಾಂ, ಆಗ ಜಾಸ್ತಿ ಅಂದ್ರೂ 37.5ಕ್ಕೆ ನಿಲ್ಲುತ್ತೆ. ಆ ಹತ್ತು ಪಟ್ಟು ಡೈಲ್ಯೂಷನ್‌ಗೆ ಮೊಬೈಲ್ ಫೇಸೇ ಹಾಕಿ, ಬರೀ ಮೆಥನಾಲ್‌ನಲ್ಲಿ ಇಂಜೆಕ್ಟ್ ಮಾಡಿದ್ರೆ ಮೊದ್ಲು ಬರೋ ಪೀಕ್‌ನ ಶೇಪ್ ಕೆಡುತ್ತೆ.

ರಿಕವರಿ 99ರ ಆಸುಪಾಸು ಬಂತು. ಶೀಟ್ ತಗೊಂಡು ಗೈಡ್ ಹತ್ರ ಹೋದ್ರೆ ಮೇಡಂ ಶೀಟ್ ನೋಡ್ಲಿಲ್ಲ, "ಸೆಂಟ್ರಿಫ್ಯೂಜ್ ಟ್ಯೂಬ್ ತಗೊಂಬಾಮ್ಮ, ಗಸಿ ಬಿಸಾಕಿಲ್ಲ ತಾನೆ?" ಅಂದ್ರು. ತಳದಲ್ಲಿದ್ದ ಗಸಿ ಇನ್ನೂ ಒಳ್ಳೆ ಹಳದಿ! ನಾವು ಸೇರಿಸಿದ ಸ್ಟ್ಯಾಂಡರ್ಡ್ ಪುಡಿಯ ಮೇಲ್ಮೈ ಮೇಲೆ ಕೂತಿರುತ್ತೆ, ಮೆಥನಾಲ್ ಹಾಕಿದ ಕೂಡ್ಲೇ ಕರಗಿ ಬರುತ್ತೆ. ಕೊಂಬಿನ ಜೀವಕೋಶದ ಒಳಗಿರೋದು ಅಷ್ಟು ಸುಲಭಕ್ಕೆ ಬರಲ್ಲ. ಅಂದ್ರೆ 99 ಅನ್ನೋದು ಸೇರಿಸಿದ್ದು ವಾಪಸ್ ಬಂತು ಅನ್ನೋದಕ್ಕೆ ಸಾಕ್ಷಿ, ಪುಡೀಲಿ ಇದ್ದಿದ್ದು ಪೂರ್ತಿ ಹೊರಗೆ ಬಂತು ಅನ್ನೋದಕ್ಕಲ್ಲ. ಅದೇ ಗಸಿಗೆ ಹೊಸ ಮೆಥನಾಲ್ ಹಾಕಿ ಮತ್ತೆ ಸೋನಿಕೇಟರ್‌ಗೆ (ಶಬ್ದತರಂಗದಿಂದ ಅಲುಗಾಡಿಸೋ ಮೆಷಿನ್) ಇಟ್ಟು ಇಂಜೆಕ್ಟ್ ಮಾಡಿದ್ರೆ ಮೊದಲು ಬಂದಿದ್ರ ಎಂಟು ಒಂಬತ್ತು ಪರ್ಸೆಂಟ್‌ನಷ್ಟು ಇನ್ನೂ ಬಂತು, ಮೂರನೇ ಸಲಕ್ಕೆ ಒಂದಕ್ಕಿಂತ ಕಮ್ಮಿ. ಹಾಗಾಗಿ ಎರಡು ಸಲ ಎಕ್ಸ್‌ಟ್ರಾಕ್ಟ್ ಮಾಡಿ ಸೇರಿಸಿ ಒಟ್ಟು 50 ಎಂಎಲ್‌ಗೆ ಮೇಕಪ್ ಅಂತ ಪ್ರೊಸೀಜರ್ ಫಿಕ್ಸ್ ಆಯ್ತು, ಮೂರನೇದ್ರ ಡೇಟಾನೂ ಥೀಸಿಸ್‌ಗೆ ಹೋಯ್ತು. ಪುಡಿ ಎಷ್ಟು ನುಣ್ಣಗಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ, ಎಲ್ಲವನ್ನೂ ಒಂದೇ ಜರಡಿಯಲ್ಲಿ ಹಿಡಿದು ತಗೊಳ್ಳಿ.

ರೋಬಸ್ಟ್‌ನೆಸ್, ಅಂದ್ರೆ ಕಂಡೀಷನ್ ಸ್ವಲ್ಪ ಬದಲಾದ್ರೂ ಮೆಥಡ್ ನಿಲ್ಲುತ್ತಾ ಅಂತ ನೋಡೋದನ್ನ, ಕೊನೇ ವಾರಕ್ಕೆ ಇಟ್ಕೊಳ್ಳೋರೇ ಜಾಸ್ತಿ. ನವೆಂಬರ್ 2023ರಲ್ಲಿ ಬಂದ ಐಸಿಎಚ್ ಮಾರ್ಗಸೂಚಿಗಳಾದ ಕ್ಯೂ2 ಆರ್2 ಮತ್ತೆ ಕ್ಯೂ14 ಎರಡೂ ಅದನ್ನ ಡೆವಲಪ್‌ಮೆಂಟ್ ಟೈಮಲ್ಲೇ ಮಾಡಿ ಅನ್ನುತ್ತೆ, ಅದು ಸರಿನೇ. ಫ್ಲೋ ನಿಮಿಷಕ್ಕೆ 0.1 ಎಂಎಲ್ ಆಚೀಚೆ, ಅಸಿಟೋನೈಟ್ರೈಲ್ 2 ಪರ್ಸೆಂಟ್ ಆಚೀಚೆ, ಟೆಂಪರೇಚರ್ 5 ಡಿಗ್ರಿ ಆಚೀಚೆ, ಇನ್ನೊಂದು ಲಾಟ್‌ನ ಕಾಲಂ. ಅಸಿಟೋನೈಟ್ರೈಲ್ ಒಂದೇ ನಿಜವಾಗ್ಲೂ ತೊಂದ್ರೆ ಕೊಟ್ಟಿದ್ದು, ಅದು ಏರಿದ್ರೆ ಕೊನೇ ಎರಡು ಪೀಕ್ ಹತ್ರ ಬರುತ್ತೆ, ಅದಕ್ಕೇ ಆ ಎರಡರ ನಡುವಿನ ರೆಸಲ್ಯೂಷನ್ (ಪೀಕ್‌ಗಳು ಎಷ್ಟು ಬಿಡಿಸ್ಕೊಂಡಿವೆ ಅನ್ನೋ ಅಳತೆ) 1.5ಕ್ಕಿಂತ ಕಮ್ಮಿ ಆದ್ರೆ ಆ ದಿನ ರನ್ ಮಾಡ್ಬೇಡಿ ಅಂತ ಸಿಸ್ಟಂ ಸೂಟಬಿಲಿಟೀಲಿ (ರನ್‌ಗೆ ಮುಂಚಿನ ತಪಾಸಣೆ) ಹಾಕಿದೀನಿ. ಅಳತೆ ಜಾರ್‌ನಲ್ಲಿ ಅಸಿಟೋನೈಟ್ರೈಲ್, ಆಸಿಡ್ ನೀರು ಎರಡನ್ನೂ ಬೇರೆ ಬೇರೆ ಅಳೆದು ಆಮೇಲೆ ಸೇರಿಸಿ, ಒಂದೇ ಜಾರ್‌ನಲ್ಲಿ ಒಂದರ ಮೇಲೊಂದು ಸುರಿದು ಗೆರೆಗೆ ತಂದ್ರೆ ಅನುಪಾತ ಬದಲಾಗುತ್ತೆ.

ಈಗ ಜೂನಿಯರ್ಸ್ ಇದೇ ಮೆಥಡ್ ಓಡಿಸ್ತಿದಾರೆ. ಏಪ್ರಿಲ್ ಮೇನಲ್ಲಿ ಲ್ಯಾಬ್ ಎಸಿ ಕೈಕೊಟ್ಟಾಗ ನಮ್ಮ ಕಾಲಂ ಓವನ್ ಮೆಥಡ್‌ನ 30 ಡಿಗ್ರಿಯಲ್ಲಿ ನಿಲ್ಲಲ್ಲ, ಅದಕ್ಕೆ ತಣ್ಣಗೆ ಮಾಡೋ ವ್ಯವಸ್ಥೆ ಇಲ್ಲ, ಬಿಸಿ ಮಾಡೋದಷ್ಟೇ ಗೊತ್ತು. 35ಕ್ಕೆ ಇಟ್ಕೊಳ್ಳಿ, ರೋಬಸ್ಟ್‌ನೆಸ್‌ನಲ್ಲಿ 35 ಪಾಸಾಗಿದೆ ಅಂತ ಹೇಳಿದೀನಿ.