ಬಳ್ಳಾರಿ ಬಿಸಿಲಿಗೆ ನಾನು ಹಾಕಿದ ಸ್ವೆಟರ್

ನಮ್ಮೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಬಳ್ಳಾರಿಯವರೇ ಆಡಿಕೊಳ್ಳುತ್ತೇವೆ. ಅಂಥ ಊರಲ್ಲಿ ಸ್ವೆಟರ್ ಹೆಣೆಯಲು ಕಡ್ಡಿ ಹಿಡಿದು ಕೂತರೆ ಅತ್ತೆ ಸುಮ್ಮನಿರುತ್ತಾರೆಯೇ? "ಏನಮ್ಮಾ, ತಲೆ ನೆಟ್ಟಗಿದೆಯಾ?" ಅಂದರು. ಆಫೀಸಿನಲ್ಲಿ ನನ್ನ ಕುರ್ಚಿ ಎಸಿ ಬಾಯಿಗೇ ಇದೆ. ಹೊರಗೆ 40 ಡಿಗ್ರಿ, ಒಳಗೆ 20ರ ಆಸುಪಾಸು. ಮಧ್ಯಾಹ್ನಕ್ಕೆ ಹೆಗಲು ಹಿಡಿದುಕೊಳ್ಳುತ್ತಿತ್ತು. ಸೀರೆ ಮೇಲೆ ಹಾಕಿಕೊಂಡು, ಸಂಜೆ ಮೋತಿ ಸರ್ಕಲ್‌ನಲ್ಲಿ ಆಟೋ ಕಾಯುವಾಗಲೂ ಬಿಚ್ಚದೆ ಇರುವಂಥ ಸ್ವೆಟರ್ ನನಗೆ ಬೇಕಿತ್ತು.

ಮೊದಲನೆಯದು ಪೇಟೆಯ ಉಲ್ಲನ್ ನೂಲಿನದು. ಹೆಸರಿಗೆ ಉಲ್ಲನ್, ಪೂರಾ ಅಕ್ರಿಲಿಕ್. ಬೆವರು ಹೀರುವುದೇ ಇಲ್ಲ. ಎರಡೇ ದಿನಕ್ಕೆ ಕಂಕುಳು ನಾತ. ನಾನೂರು ರೂಪಾಯಿ ಹೋಯಿತು.

ಎರಡನೆಯದಕ್ಕೆ ಹತ್ತಿ ನೂಲು ತಂದೆ. ಆದರೆ ಉಲ್ಲನ್ ಅಭ್ಯಾಸದಲ್ಲಿ 10ನೇ ನಂಬರ್ ಕಡ್ಡಿಯಲ್ಲೇ ಬಿಗಿಯಾಗಿ ಹಾಕಿಬಿಟ್ಟೆ. ಗೋಣಿತಟ್ಟಿನಂತಾಯಿತು. ಒಗೆದು ತಂತಿಗೆ ನೇತುಹಾಕಿದ್ದು ಇನ್ನೂ ದೊಡ್ಡ ತಪ್ಪು: ನೀರು ಕುಡಿದ ಹತ್ತಿ ತನ್ನ ಭಾರಕ್ಕೇ ಇಳಿದು, ಸಂಜೆ ನೋಡಿದರೆ ಸೊಂಟದ ಸ್ವೆಟರ್ ಮೊಣಕಾಲಿನ ಹತ್ತಿರ. ಆಫೀಸಿನಲ್ಲಿ "ಮೇಡಂ, ನೈಟಿನಾ?" ಅಂತ ನಕ್ಕರು. ಮೂರನೆಯದು ನೀಲಿ. ಬಣ್ಣ ಬಿಟ್ಟು ಬಿಳಿ ಸೀರೆಯೊಂದು ಹಾಳಾಯಿತು, ಅದರ ಬೆಲೆ ಇಲ್ಲಿ ಬರೆಯಲ್ಲ. ಉಪ್ಪುನೀರಿನಲ್ಲಿ ನೆನೆಸಿ ಅಂದವರ ಮಾತು ಕೇಳಿದ್ದೆ, ಏನೂ ಆಗಲಿಲ್ಲ.

ನಾಲ್ಕನೆಯದೇ ಗೆದ್ದದ್ದು. ತಿರುಪ್ಪೂರಿನ ಹೊಸೈರಿ ನೂಲಿನ (ಬನಿಯನ್‌ಗೆ ಬಳಸುವ ಹತ್ತಿ ನೂಲು) ಕೋನ್, ಒಂದೂವರೆ ಕೆಜಿಗೆ ಏಳುನೂರರ ಸುಮಾರು ಕೊಟ್ಟ ನೆನಪು. ನೂಲನ್ನೇ ಲಡಿ ಮಾಡಿ, ನೀರು ತಿಳಿಯಾಗುವವರೆಗೆ ಮೊದಲೇ ತೊಳೆದೆ. ಮೂರೆಳೆ ಸೇರಿಸಿ 7ನೇ ನಂಬರ್ ಕಡ್ಡಿ (ನಂಬರ್ ಇಳಿದಷ್ಟೂ ಕಡ್ಡಿ ದಪ್ಪ), ಸಡಿಲ ಕೈ. ಅಂಗೈಯಗಲ ಮಾದರಿ ಹಾಕಿ, ಒದ್ದೆ ಮಾಡಿ, ಕ್ಲಿಪ್ಪು ಕಚ್ಚಿಸಿ ಇಡೀ ರಾತ್ರಿ ನೇತುಹಾಕಿದೆ. ಎಷ್ಟು ಇಳಿಯಿತೋ ಆ ಲೆಕ್ಕ ಹಿಡಿದು ಉದ್ದವನ್ನು ಎರಡು ಇಂಚು ಮೊಟಕು ಮಾಡಿದೆ. ಬೆನ್ನಿಗೆ 80 ಕುಣಿಕೆ, ಮುಂದೆ ಓಪನ್, ಮುಕ್ಕಾಲು ತೋಳು. ಕಂಕುಳಲ್ಲೂ ಬೆನ್ನ ನಡುವೆಯೂ ಜಾಲಿ, ಅಂದರೆ ತೂತುತೂತಿನ ಹೆಣಿಗೆ. ಹೆಗಲ ಹೊಲಿಗೆಗೆ ಒಳಗಿಂದ ಬಟ್ಟೆಯ ಟೇಪ್ ಕೊಡಲೇಬೇಕು, ಇಲ್ಲದಿದ್ದರೆ ಹೆಗಲು ಜಗ್ಗುತ್ತದೆ. ಇಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಬರವಿಲ್ಲ, ಒಬ್ಬರು ತುಂಡು ಟೇಪ್ ಪುಕ್ಕಟೆ ಕೊಟ್ಟರು. ಒಣಗಿಸುವುದು ಹಗ್ಗದ ಮಂಚದ ಮೇಲೆ, ಮಲಗಿಸಿ, ನೆರಳಲ್ಲಿ. ಹತ್ತಿಯಲ್ಲಿ ಕುತ್ತಿಗೆ ಪಟ್ಟಿ ಸಡಿಲಾಗದಂತೆ ನಿಲ್ಲಿಸುವುದಕ್ಕೆ ನನ್ನದೊಂದು ಉಪಾಯವಿದೆ. ಮೂರು ಸ್ವೆಟರ್ ಹಾಳುಮಾಡಿ ಕಲಿತದ್ದು, ಅದನ್ನು ಮಾತ್ರ ಕೇಳಬೇಡಿ.

ನಡುವೆ ಹಳೇ ಕಾಟನ್ ಸೀರೆ ಸೀಳಿ ಅದರಲ್ಲೂ ಹಾಕಿ ನೋಡಿದೆ. ಅದೀಗ ತರಕಾರಿ ಚೀಲ. ಸೋದರಸೊಸೆಯ ಅಪ್ಪಟ ಉಣ್ಣೆಯ ತೆಳು ಸ್ವೆಟರನ್ನೂ ಒಂದು ದಿನ ತೊಟ್ಟೆ. ಉಣ್ಣೆ ಬೆವರಿನ ತೇವವನ್ನು ಚೆನ್ನಾಗಿ ಹೀರುತ್ತದೆ, ಅಕ್ರಿಲಿಕ್‌ನಷ್ಟು ಹಿಂಸೆ ಆಗಲಿಲ್ಲ. ಆದರೆ ಬೆಲೆ ಕೇಳಿ ಮಡಚಿಟ್ಟೆ.

ಈ ಮೇ ತಿಂಗಳು ಪೂರ್ತಿ ಆ ನಾಲ್ಕನೆಯದನ್ನೇ ತೊಟ್ಟಿದ್ದೇನೆ. ನಕ್ಕವರಲ್ಲೇ ಇಬ್ಬರು ತಮಗೂ ಬೇಕು ಅಂದರು. ಸಾವಿರದ ನಾನೂರು ಅಂದೆ, ಚೌಕಾಸಿ ಮಾಡಲಿಲ್ಲ. ನೂಲಿನ ಖರ್ಚು ಮುನ್ನೂರೈವತ್ತು, ಕೆಲಸ ಇಪ್ಪತ್ತು ದಿನ. ಕೂಲಿ ಲೆಕ್ಕ ಹಾಕಲು ಹೋಗಿಲ್ಲ.

ಅತ್ತೆಯೂ ಒಂದು ಕೇಳಿದ್ದಾರೆ. ಎಲೆಅಡಿಕೆ ಡಬ್ಬಿಗೆ ಜೇಬು ಇರಬೇಕಂತೆ. ಜೇಬಿಟ್ಟರೆ ಈ ನೂಲು ಜೋತುಬೀಳುತ್ತೆ ಅತ್ತೆ ಅಂದರೆ ಕೇಳುತ್ತಿಲ್ಲ.